ಚಡಪಡಿಕೆಗೆ ಆಂಗ್ಲಪದ: ವಚನಾನುವಾದದ ಒಂದು ತೊಡಕು

ದೇಹದ ಹಾಗೂ ಮನಸ್ಸಿನ ಸಣ್ಣ ಸಣ್ಣ ಚಲನೆಗಳನ್ನು ಹೇಳುವ ಪದಗಳಲ್ಲಿ ಆಂಗ್ಲಭಾಷೆ ಸಿರಿವಂತವಾದುದು. ಫಿಜೆಟ್, ಟ್ವಿಚ್, ಫ್ಲಟರ್, ಕ್ವಿವರ್, ಶಿವರ್, ಶಡರ್, ಟ್ರೆಂಬಲ್, ರಿಗಲ್, ಸ್ಕ್ವರ್ಮ್ ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ವಿದ್ಯಾರ್ಥಿಗಳ ಕೈಗೆ ಸಿಗುವ ಸಣ್ಣ ಕೋಶಗಳು ಇವುಗಳಿಗೆಲ್ಲ 'ನಡುಗು', 'ಅಲುಗು', 'ಚಡಪಡಿಸು' ಎಂಬ ಎರಡು ಮೂರು ಪದಗಳನ್ನೇ ಸರದಿಯ ಮೇಲೆ ಹಂಚುವುದರಿಂದ, ಇವೆಲ್ಲವೂ ಒಂದಕ್ಕೊಂದು ಪರ್ಯಾಯಗಳೆಂಬ ಭ್ರಮೆ ಉಂಟಾಗುತ್ತದೆ. ವ್ಯವಹಾರದ ಬರಹದಲ್ಲಿ ಇದರಿಂದ ಆಗುವ ಹಾನಿ ಅಲ್ಪ. ಆದರೆ ದೇವನಹಳ್ಳಿ, ದೊಡ್ಡಬಳ್ಳಾಪುರಗಳಂಥ ಊರುಗಳಲ್ಲಿಯೂ ಇಂಗ್ಲಿಷ್ ಮಾಧ್ಯಮದಲ್ಲಿ ಕಲಿತ ಮಕ್ಕಳು ಬಸವಾದಿ ಶರಣರ ವಚನಗಳನ್ನು ಮೊದಲು ಆಂಗ್ಲಾನುವಾದದಲ್ಲಿ ಓದುತ್ತಿರುವ ಈ ದಿನಗಳಲ್ಲಿ, ಪದವೊಂದು ತಪ್ಪಿದರೆ ಶರಣರ ಅನುಭಾವವೇ ಬೇರೊಂದಾಗಿ ಕಾಣುವ ಅಪಾಯವಿದೆ.

ಮೊದಲು ಆಂಗ್ಲಪದಗಳ ಒಳಭೇದವನ್ನು ಅರಿಯಬೇಕು. 'ಶಿವರ್' ಎಂಬುದು ಮುಖ್ಯವಾಗಿ ಚಳಿಯ ನಡುಕ. 'ಶಡರ್' ಎಂಬುದು ಹೇಸಿಗೆಯಿಂದಲೋ ಘೋರವಾದುದನ್ನು ಕಂಡೋ ಮೈ ಒಮ್ಮೆಲೆ ಝಲ್ಲೆನ್ನುವುದು. 'ಟ್ರೆಂಬಲ್' ಭಯಕ್ಕೂ ಬಲಹೀನತೆಗೂ ಭಾವಾತಿರೇಕಕ್ಕೂ ಸಲ್ಲುತ್ತದೆ. 'ಕ್ವಿವರ್' ತುಟಿ, ದನಿ, ಎಲೆಗಳ ಸೂಕ್ಷ್ಮವಾದ ಕಂಪನ. ಅಲಂಕಾರಶಾಸ್ತ್ರ ಹೇಳುವ ಎಂಟು ಸಾತ್ತ್ವಿಕ ಭಾವಗಳಲ್ಲಿ 'ವೇಪಥು' ಒಂದು. ಭಕ್ತನ ಆ ಕಂಪನಕ್ಕೆ 'ಟ್ರೆಂಬಲ್' ಒಪ್ಪೀತು. 'ಶಡರ್' ಎಂದರೆ ಭಕ್ತನು ಲಿಂಗವನ್ನು ಕಂಡು ಹೇಸಿದನೆಂಬ ವಿಪರೀತಾರ್ಥ ಬಂದುಬಿಡುತ್ತದೆ. ಕನ್ನಡದ 'ನಡುಗು' ಚಳಿಗೂ ಹೆದರಿಕೆಗೂ ಒಂದೇ. ಭೇದ ಬೇಕಾದಾಗ ಕನ್ನಡಿಗನು ಗಡಗಡ, ಥರಥರ ಎಂಬ ಅನುಕರಣ ಪದವನ್ನು ಅದರ ಮುಂದೆ ಇಡುತ್ತಾನೆ. ಆಂಗ್ಲರು ಪದದ ಕೊನೆಗೆ 'ಅರ್', 'ಲ್' ಎಂಬ ಪ್ರತ್ಯಯಗಳನ್ನು ಹಚ್ಚಿ ಮರಳಿ ಮರಳಿ ಆಗುವ ಕ್ರಿಯೆಯನ್ನು ಸೂಚಿಸಿದರೆ, ಕನ್ನಡವು ಪದವನ್ನೇ ಎರಡು ಸಲ ನುಡಿದು ಅದೇ ಕೆಲಸವನ್ನು ಸಾಧಿಸುತ್ತದೆ. 13ನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಅನುಕರಣ ಶಬ್ದಗಳಿಗೆ ಸ್ಥಾನ ಕೊಟ್ಟಿರುವುದು ಸುಮ್ಮನೆ ಅಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು 'ಫಿಜೆಟ್'. ಇದಕ್ಕೆ 'ಚಡಪಡಿಸು' ಎಂದು ಬರೆಯುವುದು ವಾಡಿಕೆಯಾಗಿದೆ. ಆದರೆ 'ಫಿಜೆಟ್' ಎಂಬುದರಲ್ಲಿರುವುದು ಬೇಸರ, ಅಸಹನೆ, ಕೈಕಾಲಿಗೆ ಕೆಲಸವಿಲ್ಲದ ಚೇಷ್ಟೆ. ಅದರೊಡನೆ ಹಿರಿಯರ ಸಣ್ಣದೊಂದು ಗದರಿಕೆಯೂ ಸೇರಿದೆ. 'ಚಡಪಡಿಸು' ಎಂಬುದರಲ್ಲಿರುವುದು ಸಂಕಟ. ತಾಯಿಯನ್ನು ಅಗಲಿದ ಕರು ಚಡಪಡಿಸುತ್ತದೆ, ನೀರಿನಿಂದ ತೆಗೆದ ಮೀನು ಚಡಪಡಿಸುತ್ತದೆ. ಹುಡುಗನು ತರಗತಿಯಲ್ಲಿ ಚಡಪಡಿಸುತ್ತಾನೆಂದು ಉಪಾಧ್ಯಾಯರು ಬರೆದು ಕಳಿಸಿದರೆ ತಾಯಿತಂದೆಯರು ಗಾಬರಿಗೊಂಡು ವೈದ್ಯರನ್ನು ಅರಸಿಕೊಂಡು ಹೋದಾರು. ಹಳ್ಳಿಯ ಹಿರಿಯರು ಇಂಥ ಹುಡುಗನನ್ನು 'ಒಂದು ಕಡೆ ನಿಲ್ಲುವವನಲ್ಲ', 'ಸುಮ್ಮನೆ ಕೂರುವವನಲ್ಲ' ಎನ್ನುತ್ತಾರೆ. ಆಂಗ್ಲಭಾಷೆ ಚಲನೆಯನ್ನೇ ಹೆಸರಿಸಿದರೆ, ಕನ್ನಡವು ನಿಲವಿನ ಅಭಾವವನ್ನು ಹೆಸರಿಸುತ್ತದೆ. ವಚನಗಳ ಅನುವಾದಕ್ಕೆ ಈ ಭೇದವೇ ಕೀಲಿಕೈ.

ಮನಸ್ಸನ್ನು ಕೊಂಬೆಯ ಮೇಲಿನ ಮರ್ಕಟಕ್ಕೆ ಹೋಲಿಸಿದ ಬಸವಣ್ಣನವರ ವಚನ ಸರ್ವವಿದಿತ. ಅಲ್ಲಿರುವ ಕ್ರಿಯಾಪದ 'ಲಂಘಿಸು'. ಅದು ಸಣ್ಣ ಅಲುಗಾಟವಲ್ಲ, ನೆಗೆತ. ಅದರ ಮುಂದಿನ ದೂರು ನಿಷೇಧರೂಪದಲ್ಲಿದೆ: ನಿಂತ ಎಡೆಯಲ್ಲಿ ನಿಲ್ಲಗೊಡದ ಮನಸ್ಸು. ಹುಡುಗನ ಬಗ್ಗೆ ಹಿರಿಯರು ಆಡುವ ಮಾತಿನ ಜಾಡೇ ಇಲ್ಲಿಯೂ ಇದೆ. ಈ ಮನಸ್ಸಿಗೆ 'ಫಿಜೆಟ್' ಎಂಬ ಪದವನ್ನು ತಂದರೆ ಭಕ್ತನ ಆರ್ತತೆ ಶಾಲಾಬಾಲಕನ ಚೇಷ್ಟೆಯ ಮಟ್ಟಕ್ಕೆ ಇಳಿಯುತ್ತದೆ. ಭಾವ ಕಿರಿದಾಗುತ್ತದೆ, ವಚನ ಹಾಸ್ಯಾಸ್ಪದವಾಗುತ್ತದೆ.

ಅಕ್ಕಮಹಾದೇವಿಯವರ ತೆರಣಿಹುಳುವಿನ ವಚನ ಇನ್ನೂ ಗಹನವಾದುದು. ತೆರಣಿಯನ್ನು ರೇಷ್ಮೆಹುಳುವೆಂದೇ ಅರ್ಥೈಸುವುದು ರೂಢಿ. (ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆಯ ರೇಷ್ಮೆ ಹಬ್ಬಿದ್ದು 18ನೆಯ ಶತಮಾನದಲ್ಲಿ, ಟಿಪ್ಪುವಿನ ಕಾಲದಲ್ಲಿ, ಅಕ್ಕನವರು ಕಂಡ ಹುಳು ಯಾವ ಜಾತಿಯದೆಂಬುದು ಬೇರೆ ಚರ್ಚೆ.) ದೇವನಹಳ್ಳಿ, ಹೊಸಕೋಟೆಗಳ ಸುತ್ತ ಹುಳು ಸಾಕುವ ಒಕ್ಕಲುಗಳು ಒಂದು ಸಂಗತಿಯನ್ನು ಬಲ್ಲವು. ಹುಳು ನಾಲ್ಕು ಸಲ ಪೊರೆ ಕಳಚುತ್ತದೆ; ಆಗ ಅದು ತಲೆಯೆತ್ತಿ ಕದಲದೆ ಕೂರುತ್ತದೆ. ರೈತರು ಆ ನಿಶ್ಚಲತೆಯನ್ನು ಕರೆಯುವುದು 'ಜ್ವರ'ವೆಂದು. ಹಣ್ಣಾದ ಮೇಲೆ ಅದೇ ಹುಳು ಸೊಪ್ಪನ್ನು ಬಿಟ್ಟು, ತಲೆಯನ್ನು ಅತ್ತಿತ್ತ ತೂಗುತ್ತ ಆಸರೆಯನ್ನು ಹುಡುಕುತ್ತದೆ. ಚಂದ್ರಿಕೆಗೆ ಏರಿಸಿದರೆ ತಲೆಯನ್ನು ಎಂಟರ ಅಂಕಿಯಂತೆ ಆಡಿಸುತ್ತ ಎರಡು ಮೂರು ದಿನಗಳಲ್ಲಿ ಗೂಡನ್ನು ಮುಗಿಸುತ್ತದೆ. ನಿಶ್ಚಲತೆಗೆ ಜ್ವರವೆಂಬ ಹೆಸರು, ಅಲುಗಾಟಕ್ಕೆ ಹಣ್ಣೆಂಬ ಹೆಸರು! ಈ ತಲೆಯಾಟಕ್ಕೆ 'ರಿಗಲ್' ಎಂದರೆ ಎರೆಹುಳುವಿನ ಹೊರಳಾಟ ಕಣ್ಣಿಗೆ ಕಟ್ಟುತ್ತದೆ, 'ಸ್ಕ್ವರ್ಮ್' ಎಂದರೆ ಮುಜುಗರದ ನುಲಿತ.

ಎ. ಕೆ. ರಾಮಾನುಜನ್ ಅವರು 1973ರಲ್ಲಿ ಪ್ರಕಟವಾದ 'ಸ್ಪೀಕಿಂಗ್ ಆಫ್ ಶಿವ' ಸಂಕಲನದಲ್ಲಿ ಈ ವಚನವನ್ನು ಅನುವಾದಿಸುವಾಗ ಇಂಥ ಯಾವ ಚಪಲಪದವನ್ನೂ ಬಳಸಿಲ್ಲ. ಸುತ್ತುವ ಕ್ರಿಯೆಯನ್ನು ಪುನರುಕ್ತಿಯಿಂದಲೂ ಪಂಕ್ತಿಗಳನ್ನು ತುಂಡರಿಸಿಯೂ ತೋರಿಸಿ, ಸಂಕಟವನ್ನು ಮೂಲದಲ್ಲಿರುವಂತೆ 'ಬೇಯುವಿಕೆ'ಗೆ ಬಿಟ್ಟಿದ್ದಾರೆ. ಅಕ್ಕನವರ ತಳಮಳ ಇರುವುದು ಅಲುಗಾಟದಲ್ಲಲ್ಲ, ಬೇಗೆಯಲ್ಲಿ. ಅವರ ಅನುವಾದಗಳ ಬಗ್ಗೆ ಆಕ್ಷೇಪಗಳು ಹಲವು ಬಂದಿವೆ. ಮೂಲದ ನಾದ ಅಲ್ಲಿ ಸೊರಗಿದೆಯೆಂಬ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೂ ಈ ಒಂದು ಸಂಯಮ ಅನುಕರಣೀಯವಾದುದು.

ಇನ್ನೊಂದು ಎಚ್ಚರಿಕೆಯೂ ಅವಶ್ಯ. ಆಂಗ್ಲದ ಈ ಪದಗಳಲ್ಲಿ ಕೆಲವಕ್ಕೆ, ಅದರಲ್ಲೂ 'ಫಿಜೆಟ್', 'ಸ್ಕ್ವರ್ಮ್'ಗಳಿಗೆ, ಚಲನೆಯೇ ದೋಷವೆಂಬ ಧ್ವನಿಯಿದೆ. ಶರಣರ ದೃಷ್ಟಿ ಅದಲ್ಲ. ದೇಹವನ್ನೇ ದೇಗುಲವೆಂದು ಸಾರಿದ ವಚನದಲ್ಲಿ ಬಾಳಿಕೆ ಬರುವುದು ಚರವಾದ ಜಂಗಮವೇ. ಮನಸ್ಸಿಗೆ ಬೇಕಾದ ನಿಲವು ಕಲ್ಲಿನ ಸ್ಥಾವರತ್ವವಲ್ಲ. ಹುಳುವಿನ ಜ್ವರದ ನಿಶ್ಚಲತೆಯಂತೂ ಅಲ್ಲವೇ ಅಲ್ಲ. ಜೇಡರ ದಾಸಿಮಯ್ಯನವರ ನೇಯ್ಗೆಯ ವಚನದಲ್ಲಿ ಲಾಳಿಯೂ ಇದೆ, ಕಂಡಿಕೆಯೂ ಇದೆ. ಲಾಳಿ ಒಂದು ಕ್ಷಣವೂ ನಿಲ್ಲದೆ ಅತ್ತಿಂದಿತ್ತ ಓಡುತ್ತದೆ, ಬಟ್ಟೆ ಮಾತ್ರ ಅಂಗುಲ ಅಂಗುಲವಾಗಿ ಬೆಳೆಯುತ್ತದೆ. ಆ ಓಟಕ್ಕೆ ಆಂಗ್ಲಪದ ಹುಡುಕುವ ಅನುವಾದಕರು ಕೋಶವನ್ನು ತೆರೆಯುವ ಮುನ್ನ ದೊಡ್ಡಬಳ್ಳಾಪುರದ ಮಗ್ಗದ ಮನೆಯೊಂದರಲ್ಲಿ ಅರ್ಧ ದಿನ ಕುಳಿತು ಬರುವುದು ಒಳ್ಳೆಯದು.