ಮಕ್ತಬದ ಇತಿಹಾಸ, ಬೀಸುಕಲ್ಲಿನ ಇತಿಹಾಸ

ನಮ್ಮ ಗದಗ-ಬೆಟಗೇರಿಯ ಮುಸ್ಲಿಂ ಮನೆಯ ಮಗು ಎರಡು ಕಡೆ ಇತಿಹಾಸ ಕೇಳುತ್ತದೆ. ಬೆಳಗಿನ ನಮಾಜು ಮುಗಿದ ಮೇಲೆ ಮಸೀದಿಯ ಮಕ್ತಬದಲ್ಲಿ ಒಂದು, ಹೊತ್ತೇರಿದ ಮೇಲೆ ಸಾಲೆಯಲ್ಲಿ ಇನ್ನೊಂದು. ಮಕ್ತಬದಲ್ಲಿ ಕ್ರಿ.ಶ. ೬೨೪ರ ಬದ್ರ್ ಯುದ್ಧ. ಸಾಲೆಯಲ್ಲಿ ೧೫೬೫ರ ರಕ್ಕಸಗಿ-ತಂಗಡಗಿ ಯುದ್ಧ. ಮೊದಲನೆಯದನ್ನು ಕೇಳುವಾಗ ಮಗು ಎದೆಯುಬ್ಬಿಸಿ ಕೂರುತ್ತದೆ. ಎರಡನೆಯದನ್ನು ಕೇಳುವಾಗ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸುತ್ತದೆ. ಬದ್ರ್ ತನ್ನ ಅಜ್ಜ ಗೆದ್ದದ್ದು, ಹಂಪಿ ತನ್ನ ಅಜ್ಜ ಕೆಡವಿದ್ದು ಎಂದು ಅದು ತಿಳಿದುಕೊಂಡುಬಿಡುತ್ತದೆ. ಅದರ ನಿಜವಾದ ಅಜ್ಜ ಬೆಟಗೇರಿಯ ಓಣಿಯೊಂದರಲ್ಲಿ ಮಗ್ಗದ ಮುಂದೆ ಕೂತು ಸೀರೆ ನೇಯುತ್ತಿದ್ದನೆಂಬುದು ಎರಡೂ ಪಾಠಗಳಲ್ಲಿ ಬರುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುವವಳು. ನಮ್ಮ ಮನೆಯ ಮಕ್ಕಳು ಮಕ್ತಬಕ್ಕೆ ಹೋಗುವವರು. ಸಾಲೆಯ ಪಠ್ಯದ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಜಗಳ ನಡೆದಿದೆ. ನಮ್ಮ ಮಕ್ತಬದ ಪಾಠದ ಬಗ್ಗೆ ನಾವೇ ಮಾತಾಡದಿದ್ದರೆ ಬೇರೆ ಯಾರು ಮಾತಾಡಬೇಕು?

ಮೊದಲು ನ್ಯಾಯದ ಮಾತು. ಸಣ್ಣ ಸಂಬಳದಲ್ಲಿ, ಹರಕು ಚಾಪೆಯ ಮೇಲೆ ಕೂತು, ನಮ್ಮ ಹಜರತರು ಮಕ್ಕಳಿಗೆ ಕುರ್‌ಆನಿನ ಅಕ್ಷರ ತಿದ್ದಿಸುತ್ತಾರೆ. ವುಜೂ, ನಮಾಜು, ಹಿರಿಯರಿಗೆ ಸಲಾಮು ಕಲಿಸುತ್ತಾರೆ. ಅದು ದೊಡ್ಡ ಕೆಲಸ. ಬಹಳ ಕಡೆ ಬಳಕೆಯಲ್ಲಿರುವುದು ಮುಫ್ತಿ ಕಿಫಾಯತುಲ್ಲಾ ಅವರು ಉರ್ದುವಿನಲ್ಲಿ ಬರೆದ ‘ತಾಲೀಮುಲ್ ಇಸ್ಲಾಂ’. ಅದು ಪೂರಾ ಪ್ರಶ್ನೋತ್ತರದ ಪುಸ್ತಕ. ವುಜೂ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಅಷ್ಟೇ ಚಿಕ್ಕ ಉತ್ತರ ಸಾಕು. ಆದರೆ ಇತಿಹಾಸವನ್ನೂ ಅದೇ ಬಗೆಯಲ್ಲಿ ಬಾಯಿಪಾಠ ಮಾಡಿಸಿದರೆ ಮಗುವಿಗೆ ಉಳಿಯುವುದು ಬರೇ ಹೆಸರು.

ನನ್ನ ತಂಗಿಯ ಮಗಳು ಒಂದು ದಿನ ನಾಲ್ವರು ಖಲೀಫರ ಹೆಸರು ಒಪ್ಪಿಸಿದಳು: ಅಬೂಬಕರ್, ಉಮರ್, ಉಸ್ಮಾನ್, ಅಲಿ. ಒಪ್ಪಿಸಿದವಳೇ ಕೇಳಿದಳು: “ಖಾಲಾ, ಇವರೆಲ್ಲ ಹೆಂಗ ತೀರಿಕೊಂಡ್ರು?” ಹಜರತರನ್ನು ಕೇಳಿದ್ದಕ್ಕೆ, “ಅದೆಲ್ಲ ದೊಡ್ಡವರ ಮಾತು, ನಿನಗ್ಯಾಕವ್ವಾ” ಅಂದರಂತೆ. ನಾನು ಹೇಳಿದೆ: ಅಬೂಬಕರರು ಜಡ್ಡಾಗಿ ತೀರಿಕೊಂಡರು; ಉಳಿದ ಮೂವರೂ ಕೊಲೆಯಾದರು, ೬೪೪ರಲ್ಲಿ ಉಮರ್, ೬೫೬ರಲ್ಲಿ ಉಸ್ಮಾನ್, ೬೬೧ರಲ್ಲಿ ಅಲಿ. ಉಸ್ಮಾನರ ಮನೆಗೆ ಮುತ್ತಿಗೆ ಹಾಕಿದವರು, ಅಲಿಯವರ ಮೇಲೆ ಕತ್ತಿ ಬೀಸಿದವನು, ಎಲ್ಲರೂ ಕಲಿಮಾ ಓದುವವರೇ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅವರೂ ನಮ್ಮಂಗ ಜಗಳಾಡ್ತಿದ್ರು?” ಅಂದಳು. ಅವಳ ನಂಬಿಕೆಯೇನೂ ಕರಗಲಿಲ್ಲ. ಅಲ್ಲಿಯವರೆಗೆ ಬರೇ ಹೆಸರಾಗಿದ್ದವರು ಅವಳಿಗೆ ಮನುಷ್ಯರಾದರು, ಅಷ್ಟೆ.

ನನ್ನ ತಕರಾರು ಇದೇ. ನಾವು ಇತಿಹಾಸದ ಹೆಸರಿನಲ್ಲಿ ಅಭಿಮಾನ ಕಲಿಸುತ್ತಿದ್ದೇವೆ. ಗೆಲುವು, ನ್ಯಾಯ, ತ್ಯಾಗ ಎಲ್ಲ ನಮ್ಮದು, ತಪ್ಪೆಲ್ಲ ಪರರದು ಎಂಬ ಪಾಠ ಮನೆಯೊಳಗೆ ಚೆನ್ನಾಗಿರುತ್ತದೆ. ಹೊಸ್ತಿಲು ದಾಟಿದ ಕೂಡಲೇ ಯಾರೋ ಒಂದು ಪ್ರಶ್ನೆ ಕೇಳಿದರೆ ಮಗುವಿನ ಹತ್ತಿರ ಸಿಟ್ಟು ಇರುತ್ತದೆ, ಇಲ್ಲವೇ ನಾಚಿಕೆ ಇರುತ್ತದೆ, ಉತ್ತರ ಇರುವುದಿಲ್ಲ. ಈಗ ಮೊಬೈಲು ಎಲ್ಲರ ಕೈಯಲ್ಲಿದೆ. ಹಜರತರು ಮುಚ್ಚಿಟ್ಟದ್ದನ್ನು ಅದು ಹತ್ತು ಪಟ್ಟು ವಿಷ ಬೆರೆಸಿ ಹೇಳುತ್ತದೆ. ೨೦೨೨ರಲ್ಲಿ ಹಿಜಾಬಿನ ಗಲಾಟೆ ಎದ್ದಾಗ ನಮ್ಮ ಧರ್ಮ ಏನು ಹೇಳುತ್ತದೆ, ಅದರ ಚರಿತ್ರೆ ಏನು ಎಂಬುದನ್ನು ವಕೀಲರು ಹೇಳಿದರು, ಟೀವಿಯವರು ಹೇಳಿದರು, ಮುಖಂಡರು ಹೇಳಿದರು. ಮಾರ್ಚ್ ೧೫ರಂದು ಹೈಕೋರ್ಟು ತೀರ್ಪು ಹೇಳಿತು. ಯಾರ ತಲೆಯ ಮೇಲಿನ ಬಟ್ಟೆಯೋ ಆ ಹುಡುಗಿಯರ ಕೈಗೆ ಮಾತ್ರ, ಓದಿ ತೂಗಿ ನೋಡಿ ತಮ್ಮ ಮಾತು ತಾವು ಆಡುವಂಥ ಇತಿಹಾಸವನ್ನು ನಾವು ಯಾವತ್ತೂ ಕೊಟ್ಟಿರಲಿಲ್ಲ. ಬಟ್ಟೆಯ ಪರವಾಗಿಯೋ ವಿರೋಧವಾಗಿಯೋ ನೀವು ಏನೇ ಅನ್ನಿ, ಈ ಕೊರತೆಯನ್ನು ಒಪ್ಪಲೇಬೇಕು.

ಹಾಗಾದರೆ ಮೊದಲಿನವರು ಹೇಗೆ ಕಲಿತರು? ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಮೊಹರಮ್ಮಿನ ದಿನಗಳಲ್ಲಿ ನೀವು ಕೇಳಿರಬಹುದು: ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದ ಹೇಳುವವರನ್ನು. ಹಾಡುವವರಲ್ಲಿ ಕುರುಬರಿರುತ್ತಾರೆ, ಲಿಂಗಾಯತರಿರುತ್ತಾರೆ, ಮನೆಯಲ್ಲೂ ಕನ್ನಡವನ್ನೇ ಆಡುವ ಪಿಂಜಾರರಿರುತ್ತಾರೆ. ಕ್ರಿ.ಶ. ೬೮೦ರಲ್ಲಿ ಇರಾಕಿನ ಕರ್ಬಲಾದಲ್ಲಿ ಪೈಗಂಬರರ ಮೊಮ್ಮಗ ಹುಸೇನರು ನೀರಿಲ್ಲದೆ ಮಡಿದ ಕಥೆಯನ್ನು ಅಕ್ಷರ ಬಾರದ ಜನ ಅಚ್ಚಗನ್ನಡದಲ್ಲಿ ಕಲಿತರು. ಶಿಶುನಾಳದ ಶರೀಫರೂ (೧೮೧೯–೧೮೮೯) ರಿವಾಯತ್ ಪದ ಕಟ್ಟಿದವರೇ. ಮಕ್ತಬ ಹೇಳಲು ಅಂಜುವ ಮಾತನ್ನು, ಅಂದರೆ ಕೊಂದವರೂ ನಮಾಜು ಮಾಡುವವರೇ ಆಗಿದ್ದರೆಂಬುದನ್ನು, ಈ ಪದಗಳು ಊರ ನಡುವೆ ನಿಂತು ಎದೆ ಬಡಿದುಕೊಂಡು ಹೇಳುತ್ತವೆ. ತಮ್ಮವರು ಮಾಡಿದ ಅನ್ಯಾಯಕ್ಕೆ ತಾವೇ ಅಳುವುದನ್ನು ಕಲಿಸುವ ಪಾಠ ಇದು.

ಹಾಗೆಂದು ರಿವಾಯತ್ತನ್ನೇ ಇತಿಹಾಸ ಎಂದು ಒಪ್ಪಿಬಿಡಲೇ? ಅದೂ ಆಗದು. ಕಾಸೀಮನ ಮದುವೆ ರಣರಂಗದಲ್ಲೇ ನಡೆಯಿತೆಂಬ ಕಥೆ ಕೇಳಿದರೆ ಕಲ್ಲೂ ಕರಗುತ್ತದೆ, ಆದರೆ ಅದನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಹುಸೇನರು ಯಜೀದನಿಗೆ ನಿಷ್ಠೆಯ ಮಾತು ಕೊಡಲು ಯಾಕೆ ಒಪ್ಪಲಿಲ್ಲ ಎಂಬ ರಾಜಕೀಯ ಕಣ್ಣೀರಿನಲ್ಲಿ ತೊಳೆದುಹೋಗುತ್ತದೆ. ನಾನು ಕೇಳಿದ ಪದಗಳಲ್ಲಂತೂ ಹೆಂಗಸರು ಅಳುವುದಕ್ಕಷ್ಟೇ ಇದ್ದಾರೆ. ಸೆರೆಯಾಗಿ ದಮಾಸ್ಕಸ್ಸಿಗೆ ಹೋದ ಹುಸೇನರ ತಂಗಿ ಜೈನಬ್, ಯಜೀದನ ಆಸ್ಥಾನದಲ್ಲೇ ಅವನನ್ನು ಜಾಡಿಸಿ ಮಾತಾಡಿದಳೆಂಬುದನ್ನು ಹಾಡುವವರು ಕಡಿಮೆ.

ಇತ್ತೀಚೆಗೆ ನಮ್ಮಲ್ಲೇ ಕೆಲವರು, ಅಲಾಯಿ ದೇವರು, ಡೋಲಿ, ಪಂಜಾ ಇವೆಲ್ಲ ಧರ್ಮದಲ್ಲಿಲ್ಲ, ಮಕ್ಕಳನ್ನು ಕಳಿಸಬೇಡಿ ಎನ್ನುತ್ತಾರೆ. ಅವರ ಮಾತಿಗೂ ಆಧಾರವಿದೆ. ಪೂಜೆಯ ವಿಷಯದಲ್ಲಿ ಅವರವರ ನಂಬಿಕೆ ಅವರವರಿಗೆ. ಆದರೆ ಒಂದು ಆಚರಣೆಯನ್ನು ಬಿಡುವುದು ಬೇರೆ, ಅದು ಇತ್ತೆಂಬುದನ್ನೇ ಮಕ್ಕಳಿಂದ ಮರೆಮಾಚುವುದು ಬೇರೆ. ಅಜ್ಜಿಯ ಆಭರಣ ಹಾಕಿಕೊಳ್ಳದೆ ಇರಬಹುದು; ಅಜ್ಜಿಯೇ ಇರಲಿಲ್ಲ ಅನ್ನಬಹುದೇ?

ಅಜ್ಜಿ ಅಂದಾಗ ಬೀಸುಕಲ್ಲು ನೆನಪಾಗುತ್ತದೆ. ಅಂದಿನ ಬಿಜಾಪುರದ, ಇಂದಿನ ವಿಜಯಪುರದ ಸೂಫಿಗಳ ನಡುವೆ ‘ಚಕ್ಕೀನಾಮಾ’ ಎಂಬ ಹಾಡುಗಳು ಹುಟ್ಟಿದವು. ದಖನಿ ಮಾತಿನ ಈ ಪದಗಳು ಹೆಂಗಸರು ಜೋಳ ಬೀಸುತ್ತ ಹೇಳಲೆಂದೇ ಇದ್ದವು. ರಾಟೆ ತಿರುಗಿಸುವಾಗ ಹೇಳುವ ‘ಚರಖಾನಾಮಾ’ ಕೂಡ ಇದ್ದವು. ಬಿಜಾಪುರದ ಸೂಫಿಗಳ ಬಗ್ಗೆ ೧೯೭೮ರಲ್ಲಿ ಪುಸ್ತಕ ಬರೆದ ರಿಚರ್ಡ್ ಈಟನ್, ದಖನ್ನಿನ ಹಳ್ಳಿಗಳಿಗೆ ಇಸ್ಲಾಮಿನ ಮಾತು ಹರಡಿದ್ದರಲ್ಲಿ ಈ ಹೆಂಗಸರ ಹಾಡುಗಳ ಪಾಲು ದೊಡ್ಡದೆಂದು ವಾದಿಸಿದ್ದಾರೆ. ನೋಡಿ, ನಮ್ಮ ಮನೆಗಳಿಗೆ ಧರ್ಮ ಕುದುರೆಯ ಮೇಲಷ್ಟೇ ಬಂದಿಲ್ಲ, ಜೋಳದ ಹಿಟ್ಟಿನ ಜೊತೆಗೂ ಬಂದಿದೆ. ಅದೇ ಸೂಫಿ ಮನೆತನದ ಖ್ವಾಜಾ ಅಮೀನುದ್ದೀನರ ಶಿಷ್ಯರು ಶಿರಹಟ್ಟಿಯ ಮೂಲ ಫಕೀರೇಶ್ವರರೆಂದು ಅಲ್ಲಿನ ಮಠದ ಪರಂಪರೆಯೇ ಹೇಳುತ್ತದೆ. ಇಂದಿಗೂ ಆ ಪೀಠದ ಸ್ವಾಮಿಗಳ ಹೆಸರಿನ ಹಿಂದೆ ‘ಫಕೀರ’ ಎಂಬ ಮಾತಿದೆ. ಲಕ್ಷ್ಮೇಶ್ವರಕ್ಕೆ ಹೋದರೆ ಸೋಮೇಶ್ವರನ ಗುಡಿ, ಶಂಖ ಬಸದಿ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿ, ದೂದಪೀರಾಂ ದರ್ಗಾ ಎಲ್ಲ ಒಂದೇ ಊರೊಳಗಿವೆ. ಅಲ್ಲಿ ಜಗಳವೇ ಆಗಿಲ್ಲ ಎಂದು ನಾನು ಹೇಳುವುದಿಲ್ಲ. ಜಗಳವಾಗದ ಹಳೆಯ ಊರು ಎಲ್ಲಿದೆ? ಆದರೆ ಬಾಗದಾದಿನ ಖಲೀಫರ ಹೆಸರು ಬಲ್ಲ ಮಗುವಿಗೆ ಬಸ್ಸಿಗೆ ಕೂತರೆ ಸಿಗುವ ಲಕ್ಷ್ಮೇಶ್ವರ ಗೊತ್ತಿಲ್ಲದಿದ್ದರೆ, ‘ನೀನು ಎಲ್ಲಿಯವನು’ ಎಂದು ಕೇಳಿದಾಗ ಅದು ಏನು ಹೇಳಬೇಕು?

ಹೆಣ್ಣುಮಕ್ಕಳ ಪಾಠವಂತೂ ಇನ್ನೂ ಬಡವಾಗಿದೆ. ಖದೀಜಾ ಅವರು ಪೈಗಂಬರರ ಹೆಂಡತಿ ಎಂದು ಹೇಳುತ್ತಾರೆ. ಅವರು ಸ್ವಂತ ವ್ಯಾಪಾರ ನಡೆಸುತ್ತಿದ್ದರು, ಪೈಗಂಬರರು ಮೊದಲು ಅವರ ಸರಕು ಹೊತ್ತು ವ್ಯಾಪಾರಕ್ಕೆ ಹೋದವರು ಎಂಬುದನ್ನು ಹಾಗೇ ದಾಟಿಸುತ್ತಾರೆ. ಆಯಿಶಾ ಅವರಿಂದ ಎರಡು ಸಾವಿರಕ್ಕೂ ಹೆಚ್ಚು ಹದೀಸುಗಳು ಬಂದಿವೆ. ಗಂಡಸರು ಬಂದು ಅವರ ಹತ್ತಿರ ಕೇಳಿ ಕಲಿತರು. ಕುರ್‌ಆನಿನ ಬರೆದಿಟ್ಟ ಪ್ರತಿ ಹಫ್ಸಾ ಅವರ ವಶದಲ್ಲಿತ್ತು, ಉಸ್ಮಾನರು ಪ್ರತಿ ಮಾಡಿಸಲು ಅದನ್ನೇ ತರಿಸಿಕೊಂಡರು. ಇಷ್ಟು ಹೇಳಿದರೆ, ಪಿಯುಸಿ ಮುಗಿದೊಡನೆ ಓದು ಬಿಡಿಸಿದ ತಂದೆಯ ಎದುರು ಒಬ್ಬ ಹುಡುಗಿ ನಿಂತು ಮಾತಾಡಬಲ್ಲಳು. ಹೇಳದೆ ಇರುವುದಕ್ಕೆ ಇದೇ ಕಾರಣವೋ ಏನೋ ಎಂಬ ಸಂಶಯ ನನಗೆ ಆಗಾಗ ಬರುತ್ತದೆ.

ಪುಸ್ತಕಗಳಿಲ್ಲವೆಂದಲ್ಲ. ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕದ ಮೊಹರಂ’ ಇವೆ. ಬೊಳುವಾರು ಮಹಮದ್ ಕುಂಞಿಯವರು ಪೈಗಂಬರರ ಬದುಕನ್ನು ‘ಓದಿರಿ’ ಎಂಬ ಕಾದಂಬರಿಯಾಗಿ ಕನ್ನಡದಲ್ಲಿ ಬರೆದಿದ್ದಾರೆ. ಇವು ನಮ್ಮ ಓಣಿಯ ಕಪಾಟಿಗೆ ಬಂದಿಲ್ಲ. ಉರ್ದು ಬರಲಿ, ಅರಬ್ಬಿ ಬರಲಿ, ಬೇಡವೆಂದವರಾರು? ಆದರೆ ಸಾಲೆಯಲ್ಲಿ ಕನ್ನಡದಲ್ಲಿ ಪ್ರಶ್ನೆ ಎದುರಿಸುವ ಮಗುವಿಗೆ ಕನ್ನಡದಲ್ಲೇ ಉತ್ತರ ಬೇಕು.

ಇದಕ್ಕೆ ದೊಡ್ಡ ಸಮಿತಿ ಬೇಕಿಲ್ಲ. ರವಿವಾರ ಒಂದು ತಾಸು, ಓದುಬರಹ ಬಲ್ಲ ನಾಲ್ಕು ತಾಯಂದಿರು, ಕೇಳಲು ಮನಸ್ಸಿರುವ ಒಬ್ಬ ಹಜರತರು ಇದ್ದರೆ ಸಾಕು. ವರ್ಷಕ್ಕೊಮ್ಮೆ ಮಕ್ಕಳನ್ನು ಲಕ್ಷ್ಮೇಶ್ವರಕ್ಕೆ, ಶಿರಹಟ್ಟಿಗೆ ಕರೆದೊಯ್ಯಲಿ. ಓಣಿಯ ಬೇರೆ ಮನೆಗಳ ಮಕ್ಕಳೂ ಬಂದರೆ ಇನ್ನೂ ಚಲೋ. ಪೈಗಂಬರರಿಗೆ ಬಂದ ಮೊದಲ ಮಾತು ‘ಇಕ್ರಾ’, ಅಂದರೆ ‘ಓದು’ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಓದುವ ಮಗು ಕೇಳದೆ ಇರುವುದಿಲ್ಲ. ಕೇಳಿದಾಗ ‘ನಿನಗ್ಯಾಕವ್ವಾ’ ಅನ್ನದಿರುವುದೇ ದೊಡ್ಡವರಾದ ನಮ್ಮ ಪಾಲಿನ ಪಾಠ.