ಒಂದೇ ಕೃತಿ, ಎರಡು ಧ್ವನಿಮುದ್ರಣ

ಒಂದು ಕೃತಿಯನ್ನು ಇಬ್ಬರು ಕಲಾವಿದರು ನುಡಿಸಿದಾಗ ಯಾವುದು ಮೇಲೆಂದು ಹೇಳುವುದು ಅಷ್ಟೇನೂ ಕಷ್ಟವಲ್ಲ. ಆದರೆ ಒಬ್ಬನೇ ಕಲಾವಿದ ಅದೇ ಕೃತಿಯನ್ನು 26 ವರ್ಷಗಳ ಅನಂತರ ಮತ್ತೆ ಧ್ವನಿಮುದ್ರಿಸಿದರೆ ಹೇಗೆ ತೀರ್ಮಾನಿಸುವಿರಿ? ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ ನಮ್ಮನ್ನು ಈ ಇಕ್ಕಟ್ಟಿಗೆ ಸಿಲುಕಿಸಿದ್ದಾನೆ. ಯೋಹಾನ್ ಸೆಬಾಸ್ಟಿಯನ್ ಬಾಖ್ 1741ರಲ್ಲಿ ಪ್ರಕಟಿಸಿದ 'ಗೋಲ್ಡ್‌ಬರ್ಗ್ ವೇರಿಯೇಷನ್ಸ್' ಕೃತಿಯನ್ನು ಆತ 1955ರ ಜೂನ್‌ನಲ್ಲಿ, ತನ್ನ 22ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ನುಡಿಸಿದ. 1981ರಲ್ಲಿ ಅದೇ ಸ್ಟುಡಿಯೋಗೆ ಮರಳಿ ಮತ್ತೊಮ್ಮೆ ನುಡಿಸಿದ. ಆ ಕಟ್ಟಡ ಮೊದಲು ಒಂದು ಚರ್ಚ್ ಆಗಿತ್ತು.

ಕೃತಿಯ ರಚನೆ ಸರಳವಾಗಿ ಕಾಣುತ್ತದೆ. ಮೊದಲಿಗೆ 'ಆರಿಯಾ' ಎಂಬ ಶಾಂತ ರಾಗ, ಬಳಿಕ 30 ರೂಪಾಂತರಗಳು, ಕೊನೆಗೆ ಅದೇ ಆರಿಯಾ. ಆದರೆ ರೂಪಾಂತರಗೊಳ್ಳುವುದು ಮೇಲಿನ ರಾಗವಲ್ಲ, ಕೆಳಗಿನ ಬೇಸ್ ಸ್ವರಗಳು. ಗಾಯಕವೃಂದದಲ್ಲಿ ಬೇಸ್ ಹಾಡಿದವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ. ಯಾರೂ ಗಮನಿಸದ ಆ ಸಾಲಿನ ಮೇಲೆಯೇ ಇಡೀ ಹಾಡು ನಿಂತಿರುತ್ತದೆ. ಕೊನೆಯದನ್ನು ಬಿಟ್ಟರೆ ಪ್ರತಿ ಮೂರನೆಯ ರೂಪಾಂತರವೂ ಒಂದು ಸ್ವರಧಾರೆಯನ್ನು ಇನ್ನೊಂದು ಹಿಂಬಾಲಿಸುವ 'ಕ್ಯಾನನ್'. ಇವೆಲ್ಲ ಎರಡು ಕೀಲಿಮಣೆಗಳ ಹಾರ್ಪ್ಸಿಕಾರ್ಡ್‌ಗೆಂದು ಬರೆದವು. ಒಂದೇ ಕೀಲಿಮಣೆಯ ಪಿಯಾನೊದಲ್ಲಿ ಎರಡು ಕೈಗಳು ಒಂದರ ಮೇಲೊಂದು ಹಾದುಹೋಗಬೇಕಾಗುತ್ತದೆ.

ನಾನು ಬಹುಕಾಲ ಎರಡನೆಯ ಮುದ್ರಣವನ್ನೇ ಶ್ರೇಷ್ಠವೆಂದು ನಂಬಿದ್ದೆ. ಅದು 1982ರಲ್ಲಿ ಬಿಡುಗಡೆಯಾಯಿತು; ಅದೇ ವರ್ಷದ ಅಕ್ಟೋಬರ್ 4ರಂದು, 50ರ ವಯಸ್ಸಿನಲ್ಲಿ, ಗೂಲ್ಡ್ ತೀರಿಕೊಂಡ. ಕೊನೆಯ ಆರಿಯಾದಲ್ಲಿ ನನಗೆ ಒಂದು ವಿದಾಯವೇ ಕೇಳಿಸುತ್ತಿತ್ತು. ಆದರೆ ನುಡಿಸಿದಾಗ ಅದು ವಿದಾಯವೆಂದು ಅವನಿಗೇನು ಗೊತ್ತಿತ್ತು? ನಾನು ಕೇಳುತ್ತಿದ್ದುದು ಪಿಯಾನೊವನ್ನಲ್ಲ, ಮರಣವಾರ್ತೆಯನ್ನು.

ಅದನ್ನು ಬದಿಗಿಟ್ಟು ಕೇಳಿದೆ. ಮೊದಲ ಮುದ್ರಣ ಸುಮಾರು 38 ನಿಮಿಷ, ಎರಡನೆಯದು 51. ಯುವಕ ಅವಸರಪಟ್ಟ, ಪ್ರೌಢನು ನಿಧಾನಿಸಿದ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧಸತ್ಯ. 1955ರಲ್ಲಿ ಆತ ಯಾವ ಭಾಗವನ್ನೂ ಪುನರಾವರ್ತಿಸಲಿಲ್ಲ, 1981ರಲ್ಲಿ ಹಲವು ರೂಪಾಂತರಗಳ ಪೂರ್ವಾರ್ಧವನ್ನು ಎರಡು ಬಾರಿ ನುಡಿಸಿದ. ಹೆಚ್ಚಿದ ಸಮಯದಲ್ಲಿ ಒಂದು ಪಾಲು ಅದಕ್ಕೆ ಸೇರಿದ್ದು. ಇನ್ನೂ ಸ್ವಾರಸ್ಯವೆಂದರೆ, ಶೋಕವೇ ಮೈವೆತ್ತಂತಿರುವ 25ನೆಯ ರೂಪಾಂತರದಲ್ಲಿ ಯುವಕನೇ ತುಸು ಹೆಚ್ಚು ಹೊತ್ತು ತೆಗೆದುಕೊಂಡಿದ್ದಾನೆ! ಗೂಲ್ಡ್‌ಗೆ ಮುಂದೆ ಅದು ಹಿಡಿಸಲಿಲ್ಲ. ಶೋಪಾನನ ರಾತ್ರಿಗೀತೆಯಂತೆ ಕೇಳಿಸುತ್ತದೆಂದು ದೂರಿದ. ಕಲಾವಿದನ ತೀರ್ಪನ್ನು ನಾವು ಒಪ್ಪಲೇಬೇಕೆಂದಿಲ್ಲ. ನನಗೆ ಅಲ್ಲಿ ನಟನೆ ಕಾಣುವುದಿಲ್ಲ. ದುಃಖವನ್ನು ಮೊದಲ ಬಾರಿಗೆ ಕಂಡವನ ಬೆರಗು ಕಾಣುತ್ತದೆ.

ಆರಿಯಾದಲ್ಲೂ ನನ್ನ ಮತ 1955ಕ್ಕೇ. ಎರಡನೆಯ ಸಲ ಅದು ಮೂರು ನಿಮಿಷ ದಾಟುತ್ತದೆ. ಸ್ವರಗಳು ಒಂದಕ್ಕೊಂದು ಎಷ್ಟು ದೂರ ನಿಲ್ಲುತ್ತವೆಂದರೆ, ಅದೊಂದು ನೃತ್ಯದ ಲಯವೆಂಬುದೇ ಮರೆತುಹೋಗುತ್ತದೆ.

ಹಾಗಾದರೆ 1981ರದು ಎಲ್ಲಿ ಗೆಲ್ಲುತ್ತದೆ? ರೂಪಾಂತರಗಳ ನಡುವಿನ ಬೆಸುಗೆಯಲ್ಲಿ. ಯುವಕ ಒಂದೊಂದನ್ನೂ ಬೇರೆಬೇರೆ ರತ್ನದಂತೆ ಮಿನುಗಿಸಿದ. ಪ್ರೌಢನು ಒಂದರ ಗತಿಯಿಂದಲೇ ಮುಂದಿನದರ ಗತಿಯನ್ನು ಅಳೆದ. 15ನೆಯ ರೂಪಾಂತರದ ಕೊನೆಯಲ್ಲಿ ಬಲಗೈ ಮೇಲಕ್ಕೇರಿ, ಉತ್ತರ ಸಿಗದ ಪ್ರಶ್ನೆಯಂತೆ ನಿಂತುಬಿಡುತ್ತದೆ. ಒಡನೆಯೇ 16ನೆಯದು ಬಾಗಿಲು ತೆರೆದಂತೆ ಆರಂಭವಾಗುತ್ತದೆ. ಈ ಒಂದು ಕ್ಷಣಕ್ಕಾಗಿ ಎರಡನ್ನೂ ಕೇಳಿ ನೋಡಿ. ಕ್ಯಾನನ್‌ಗಳಲ್ಲಿಯೂ ಹಿಂಬಾಲಿಸುವ ಧ್ವನಿ 1981ರಲ್ಲೇ ನಿಚ್ಚಳ.

ಇನ್ನೊಂದು ಮಾತು. ಎರಡನೆಯ ಮುದ್ರಣದ ಹಳೆಯ ಸಿ.ಡಿ. ನಿಮ್ಮಲ್ಲಿದ್ದು, ನಾದ ತೆಳುವೆನಿಸಿದರೆ ವಾದಕನನ್ನು ದೂರಬೇಡಿ. ಡಿಜಿಟಲ್ ಮುದ್ರಣ ಆಗ ತೀರಾ ಹೊಸದು. ಜೊತೆಯಲ್ಲೇ ಅನಲಾಗ್ ಟೇಪಿನಲ್ಲೂ ಮುದ್ರಿಸಿಕೊಂಡಿದ್ದರು. 2002ರಲ್ಲಿ ಅದರಿಂದ ಸಿದ್ಧಪಡಿಸಿದ ಆವೃತ್ತಿ ಹೆಚ್ಚು ಬೆಚ್ಚಗಿದೆ. ಎರಡರಲ್ಲೂ ಪಿಯಾನೊದ ಹಿಂದೆ ಕೇಳಿಬರುವ ಗುನುಗು ಮಾತ್ರ ಯಂತ್ರದ ದೋಷವಲ್ಲ. ನುಡಿಸುವಾಗ ಗೂಲ್ಡ್ ಹಾಡಿಕೊಳ್ಳುತ್ತಿದ್ದ. ನಮ್ಮ ಮನೆಯಲ್ಲಿ ಮೊದಲ ಸಲ ಕೇಳಿದವರು ಟೇಪ್ ರೆಕಾರ್ಡರ್ ಕೆಟ್ಟಿತೆಂದೇ ತಿಳಿದರು. ಅವರು ಈಗಲೂ 1955ರದನ್ನೇ ಹಾಕೆನ್ನುತ್ತಾರೆ. ನಾನು ರಾತ್ರಿ ಎಲ್ಲರೂ ಮಲಗಿದ ಮೇಲೆ ಇನ್ನೊಂದನ್ನು ಹಾಕಿಕೊಳ್ಳುತ್ತೇನೆ.