ಬ್ಯಾಂಡಿನ ಹೆಸರು, ತಾಂಡಾದ ನಗಾರಿ

ಫೆಬ್ರುವರಿ ನಡುವಿನಲ್ಲಿ ಲಂಬಾಣಿಗರ ಸಂತ ಸೇವಾಲಾಲರ ಜಯಂತಿಗೆಂದು ನ್ಯಾಮತಿ ಬಳಿಯ ಸೂರಗೊಂಡನಕೊಪ್ಪದ ಭಾಯಾಗಡಕ್ಕೆ ಬರುವವರಲ್ಲಿ ಬಹಳ ಮಂದಿ ಮಾಲೆ ಧರಿಸಿ ನಡೆದೇ ಬರುತ್ತಾರೆ. ಸೇವಾಲಾಲರ ಗುಡಿ, ಮರಿಯಮ್ಮನ ಗುಡಿಗಳ ಸುತ್ತ ಕತ್ತಲಾದ ಮೇಲೆ ನಗಾರಿಗೆ ಪೆಟ್ಟು ಬೀಳುತ್ತದೆ. ಕಂಚಿನ ತಾಟು ಅದರ ಜೊತೆಗೂಡುತ್ತದೆ. ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಈ ಗುಂಪಿಗೆ ಬೇರೆ ಹೆಸರು ಬೇಕಿಲ್ಲ. ಯಾವ ಲಂಬಾಣಿ ತಾಂಡಾದವರೋ ಅದೇ ಅವರ ಹೆಸರು. ಆ ತಾಂಡಾಕ್ಕೆ ಅನೇಕ ಕಡೆ ಅದನ್ನು ಕಟ್ಟಿದ ನಾಯಕನ ಹೆಸರು.

ಕನ್ನಡದ ರಾಕ್ ಬ್ಯಾಂಡುಗಳ ಬಗ್ಗೆ ಬರೆಯಲು ಕುಳಿತಾಗಲೆಲ್ಲ ನನ್ನ ಕಿವಿಗೆ ಈ ನಗಾರಿ ಬರುತ್ತದೆ. ನ್ಯಾಮತಿ, ಹೊನ್ನಾಳಿ, ಚನ್ನಗಿರಿ, ಜಗಳೂರಿನ ಕಡೆ ‘ಬ್ಯಾಂಡ್’ ಅಂದರೆ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್. ಗಿಟಾರ್, ಬೇಸ್, ಡ್ರಮ್ಸ್ ಹಿಡಿದು ತಾವೇ ಹಾಡು ಕಟ್ಟುವ ನಾಲ್ಕೈದು ಜನರ ಕೂಟಕ್ಕೆ ನಮ್ಮಲ್ಲಿ ಇನ್ನೂ ಸ್ವಂತ ಪದವಿಲ್ಲ. ಮೇಳ ಅನ್ನೋಣವೆಂದರೆ ಯಕ್ಷಗಾನ ನೆನಪಾಗುತ್ತದೆ, ತಂಡ ಅಂದರೆ ಕ್ರಿಕೆಟ್. ಕೂಟದ ಬಗೆಗೇ ಪದವಿಲ್ಲದ ಭಾಷೆಯಲ್ಲಿ ಪ್ರತಿಯೊಂದು ಬ್ಯಾಂಡೂ ತಾನು ಯಾರೆಂದು ಮೊದಲಿನಿಂದ ಹೇಳಿಕೊಳ್ಳಬೇಕಾಗುತ್ತದೆ. ಆದ್ದರಿಂದ ಅವು ಇಟ್ಟುಕೊಂಡ ಹೆಸರುಗಳನ್ನು ನಾನು ಗಂಭೀರವಾಗಿ ಓದುತ್ತೇನೆ.

ಬೆಂಗಳೂರಿನಲ್ಲಿ 1970ರ ದಶಕದಲ್ಲೇ ಹ್ಯೂಮನ್ ಬಾಂಡೇಜ್ ಎಂಬ ಬ್ಯಾಂಡಿತ್ತು. ಹೆಸರೂ ಇಂಗ್ಲಿಷಿನದು, ಹಾಡೂ ಇಂಗ್ಲಿಷಿನದು. 1996ರಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ಕೂಡ ಇಂಗ್ಲಿಷಿನಲ್ಲೇ ಹಾಡಿತು. ಆದರೆ ಅದರ ಹೆಸರು ಹುಟ್ಟಿದ್ದು ಗೆಳೆಯರ ಲೆಕ್ಕಾಚಾರದಲ್ಲಿ: ಮೂವರು ಪೂರ್ಣ ಮಲಯಾಳಿಗಳು, ಇನ್ನೊಬ್ಬ ಕಾಲುಭಾಗ ಮಲಯಾಳಿ. ‘ಥ್ರೀ ಮಲ್ ಅಂಡ್ ಎ ಕ್ವಾರ್ಟರ್’, ಅಂದರೆ ಮೂರೂಕಾಲು ಮಲಯಾಳಿ, ಎಂಬ ಆ ಮಾತು ಉರುಳಿ ಥರ್ಮಲ್ ಆಯಿತು. ಒಂದು ರೂಮಿನಲ್ಲಿ ಯಾರ್‍ಯಾರು ಇದ್ದಾರೆ ಎಂದು ಎಣಿಸಿ ಇಟ್ಟ ಹೆಸರು ಇದು. ನನಗೆ ಇದು ಬಹಳ ಪ್ರಾಮಾಣಿಕವಾಗಿ ಕಾಣುತ್ತದೆ.

ಕನ್ನಡವನ್ನು ರಾಕ್ ವೇದಿಕೆಗೆ ತಂದ ಧಾರೆ ಹೊರಟಿದ್ದು ಮೈಸೂರಿನಿಂದ. ರಘು ದೀಕ್ಷಿತ್ ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಸಹಪಾಠಿಯೊಬ್ಬ ಆ ನಾಟ್ಯವನ್ನು ಹೆಣ್ಣಿಗನದೆಂದು ಹೀಯಾಳಿಸಿದ ಛಲಕ್ಕೆ ಗಿಟಾರ್ ಹಿಡಿದರು. ಅವರ ಮೊದಲ ಬ್ಯಾಂಡು ‘ಅಂತರಾಗ್ನಿ’. ಅದು ಚದುರಿದ ಮೇಲೆ 2005ರಲ್ಲಿ ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’. ಈ ಎರಡು ಹೆಸರುಗಳ ನಡುವಿನ ದೂರದಲ್ಲಿ ಕನ್ನಡ ರಾಕಿನ ಒಂದು ಕಥೆಯೇ ಇದೆ. ಒಳಗಿನ ಬೆಂಕಿ ಎಂಬ ಎಲ್ಲರ ಹೆಸರು ಹೋಗಿ ಒಬ್ಬರ ಹೆಸರು ಬಂತು. ಉಳಿದ ವಾದಕರು ಬರುತ್ತ ಹೋಗುತ್ತ ಇರಬಹುದಾದ ತೆರೆದ ಮನೆಯಾಯಿತು ಬ್ಯಾಂಡು. ನಾಯಕನ ಹೆಸರಿನ ತಾಂಡಾದಂತೆಯೇ. ವ್ಯತ್ಯಾಸ ಇಷ್ಟು: ತಾಂಡಾದಲ್ಲಿ ನಾಯಕ ಸತ್ತರೂ ಹಾಡುವವರು ಅಲ್ಲೇ ಇರುತ್ತಾರೆ.

2008ರ ಅವರ ಮೊದಲ ಆಲ್ಬಂನಲ್ಲಿ ಕನ್ನಡಿಗರ ಎದೆಗೆ ತಾಕಿದ್ದು ಶಿಶುನಾಳ ಷರೀಫರ ಪದಗಳು, ಗುಡುಗುಡಿಯದು ಮತ್ತು ಸೋರುವ ಮಾಳಿಗೆಯದು. ಲುಂಗಿ ಉಟ್ಟು ಗೆಜ್ಜೆ ಕಟ್ಟಿ ಅವರು ಹಾಡಿದಾಗ, ಸಿ. ಅಶ್ವಥ್ ಕಂಠದಲ್ಲಿ ಷರೀಫರನ್ನು ಕೇಳಿ ಬೆಳೆದ ನನ್ನಂಥವರಿಗೂ ಆ ಪದಗಳು ಹೊಸದಾಗಿ ಕೇಳಿದವು. ಅಶ್ವಥ್ ತಾರಕದಲ್ಲಿ ಕರೆಯುತ್ತಿದ್ದರು. ಇಲ್ಲಿ ಬೇಸ್ ಗಿಟಾರ್ ನೆಲದಿಂದ ಎಬ್ಬಿಸುತ್ತಿತ್ತು. ಇದು ದೊಡ್ಡ ಸಾಧನೆ, ಅದನ್ನು ಸಣ್ಣದು ಮಾಡಲಾರೆ. ಆದರೆ ಆಮೇಲೆ ಅದೇ ಒಂದು ಸೂತ್ರವಾಯಿತು. ಕಾಲೇಜು ಕಲ್ಚರಲ್ಸ್‌ಗಳಲ್ಲಿ ‘ಫ್ಯೂಷನ್’ ಅಂದರೆ ಷರೀಫರ ಇಲ್ಲವೇ ಪುರಂದರರ ಒಂದು ಪದ, ಮಧ್ಯೆ ಗಿಟಾರ್ ಸೋಲೋ, ಕೊನೆಗೆ ಚಪ್ಪಾಳೆ. ಷರೀಫರು ತಮ್ಮ ಕಾಲದ ಗುಡುಗುಡಿಯನ್ನು, ತಮ್ಮ ಕಣ್ಣೆದುರಿನ ಮಾಳಿಗೆಯನ್ನು ಹಾಡಿದರು. ನಮ್ಮ ಬ್ಯಾಂಡುಗಳು ತಮ್ಮ ಕಣ್ಣೆದುರಿನದನ್ನು ಕನ್ನಡದಲ್ಲಿ ಹಾಡಿದ್ದು ತೀರ ಕಡಿಮೆ.

‘ಸ್ವರಾತ್ಮ’ದ ವಿಷಯದಲ್ಲಿ ಈ ನೋವು ಇನ್ನೂ ಹೆಚ್ಚು. ವಾಸು ದೀಕ್ಷಿತ್ ಮತ್ತು ಗೆಳೆಯರ ಈ ಬ್ಯಾಂಡು ಗುಂಪಾಗಿಯೇ ಉಳಿದದ್ದು, ಗುಂಪಾಗಿಯೇ ಯೋಚಿಸಿದ್ದು. ವೇದಿಕೆಯ ಮೇಲೆ ವಾಸು ಕೀಲುಕುದುರೆ ಕಟ್ಟಿಕೊಂಡು ಕುಣಿದಾಗ ಜಾತ್ರೆಯ ಕುದುರೆ ಒಳಗಿಂದಲೇ ಬಂದಂತಿತ್ತು. ಅವರಿಗೆ ಹೇಳಲು ವಿಷಯವೂ ಇತ್ತು. ‘ಪ್ಯಾಸಿ’ ಎಂಬ ಅವರ ಹಾಡು ಕಾವೇರಿಯ ಜಗಳದ ಬಗ್ಗೆ. ನದಿಯ ನೋವನ್ನು ಹೇಳುವ ಧೈರ್ಯದ ಹಾಡು. ಆದರೆ ಕಾವೇರಿ ಅಲ್ಲಿ ಹಿಂದಿಯಲ್ಲಿ ಮಾತಾಡುತ್ತಾಳೆ. ದೇಶದುದ್ದಕ್ಕೂ ವೇದಿಕೆ ಸಿಗಬೇಕಾದರೆ ಹಿಂದಿ ಬೇಕಿತ್ತು ಎಂಬುದು ನನಗೆ ಅರ್ಥವಾಗುತ್ತದೆ. ಆದರೂ ಕೊಡಗಿನಲ್ಲಿ ಹುಟ್ಟಿ ಶ್ರೀರಂಗಪಟ್ಟಣವನ್ನು ಸುತ್ತಿ ಹರಿಯುವ ನದಿಗೆ ಇಲ್ಲಿನದೇ ಬ್ಯಾಂಡು ಕನ್ನಡದ ನಾಲಿಗೆ ಕೊಡಬೇಕಿತ್ತು.

ಹೆಸರುಗಳಲ್ಲೂ ಇದೇ ಹಿಂಜರಿಕೆ. ಅಂತರಾಗ್ನಿ, ಸ್ವರಾತ್ಮ: ಭಾರತದ ಯಾವ ಊರಿನವರು ಇಟ್ಟುಕೊಂಡರೂ ಹೊಂದುವ ಸಂಸ್ಕೃತ ಪದಗಳು. ಬೆಂಗಳೂರಿನ ‘ಲಗೋರಿ’ ಮಾತ್ರ ಬೀದಿಯ ಆಟದಿಂದ ಹೆಸರು ತಂದಿತು. ಬಿದ್ದ ಕಲ್ಲುಗಳನ್ನು ಎಲ್ಲರೂ ಸೇರಿ ಪೇರಿಸುವ ಆಟ, ಬ್ಯಾಂಡಿಗೆ ಅದಕ್ಕಿಂತ ಒಳ್ಳೆಯ ಹೆಸರಿಲ್ಲ. ಪಕ್ಕದ ಕೇರಳದವರು ‘ಅವಿಯಲ್’ ಎಂದು ಅಡುಗೆಮನೆಯ ಹೆಸರಿಟ್ಟು ಮಲಯಾಳದಲ್ಲೇ ಹಾಡಿದರು. ಕಲ್ಕತ್ತೆಯಲ್ಲಿ 1975ರಲ್ಲೇ ಗೌತಮ್ ಚಟ್ಟೋಪಾಧ್ಯಾಯ ಮತ್ತು ಗೆಳೆಯರು ತಮ್ಮ ಬ್ಯಾಂಡಿಗೆ ‘ಮೊಹೀನೇರ್ ಘೋಡಾಗುಲಿ’ ಎಂದು ಹೆಸರಿಟ್ಟರು. ಮೊಹೀನನ ಕುದುರೆಗಳು ಎಂದರ್ಥ. ಅದು ಜೀವನಾನಂದ ದಾಸರ ಕವಿತೆಯಿಂದ ಬಂದದ್ದು. ಬಂಗಾಳದ ಅಲೆಮಾರಿ ಹಾಡುಗಾರರಾದ ಬಾವುಲರ ಹಾಡು ಅವರ ಕಿವಿಯಲ್ಲಿತ್ತು. ಆದರೆ ಬಾವುಲರ ಪದಗಳನ್ನೇ ಹಾಡಿ ಸುಮ್ಮನಾಗದೆ ತಮ್ಮ ನಗರದ ಬಗ್ಗೆ ಬಂಗಾಳಿಯಲ್ಲಿ ತಾವೇ ಬರೆದರು. ತಮ್ಮ ಕಾಲದಲ್ಲಿ ಅವರಿಗೆ ಕೇಳುಗರು ಹೆಚ್ಚಿರಲಿಲ್ಲ, ಬ್ಯಾಂಡು ಒಡೆಯಿತು. ತೊಂಬತ್ತರ ದಶಕದಲ್ಲಿ ಹೊಸ ತಲೆಮಾರು ಆ ಹಾಡುಗಳನ್ನು ಹುಡುಕಿಕೊಂಡು ಬಂತು. ಬೇಂದ್ರೆ, ಅಡಿಗ, ಲಂಕೇಶರಿರುವ ಭಾಷೆಯಲ್ಲಿ ಇಂಥದೊಂದು ಆಗಲಿಲ್ಲವಲ್ಲ ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಕನ್ನಡ ರಾಕ್ ನಾದದಲ್ಲಿ ಗೆದ್ದಿದೆ, ಮಾತಿನಲ್ಲಿ ಸೋತಿದೆ.

ಮತ್ತೆ ಭಾಯಾಗಡಕ್ಕೆ ಬರುತ್ತೇನೆ. ತಾಂಡಾ ಎಂದರೆ ಮೊದಲು ಊರಲ್ಲ, ಪಯಣದ ಗುಂಪು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿ ಹೊರಟವರ ಲದೇಣಿ. ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಬಂದು ಆ ವ್ಯಾಪಾರ ನಿಂತಿತು, ಹಾಡು ನಿಲ್ಲಲಿಲ್ಲ. ಇಂದು ಅದೇ ತಾಂಡಾಗಳಿಂದ ಜನ ಕಬ್ಬು ಕಡಿಯಲು, ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತಾರೆ. ಮನೆಗೆ ಬೀಗ, ಅಜ್ಜಿಯ ಬಳಿ ಮಕ್ಕಳು, ಲಾರಿಯ ಹಿಂದೆ ಪಾತ್ರೆಪಗಡ. ರಾಕ್ ಸಂಗೀತ ಹುಟ್ಟಿದ್ದೇ ಇಂಥ ದುಡಿಮೆಯ, ವಲಸೆಯ ಕಪ್ಪು ಜನರ ಬ್ಲೂಸ್‌ನಿಂದ. ಅಮೆರಿಕದ ಆ ನೋವು ಲಂಡನ್ನಿನಿಂದ ಬೆಂಗಳೂರಿಗೆ ಬಂತು. ಬೆಂಗಳೂರಿನಿಂದ ನ್ಯಾಮತಿಗೆ ಇನ್ನೂ ತಲುಪಿಲ್ಲ. ಇಲ್ಲಿಯ ನೋವೂ ಅಲ್ಲಿಗೆ ಹೋಗಿಲ್ಲ.

ಈ ತಾಂಡಾಗಳಿಂದ ದಾವಣಗೆರೆಗೆ, ಶಿವಮೊಗ್ಗಕ್ಕೆ ಓದಲು ಹೋಗುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ಗಿಟಾರ್ ಕಲಿಯಿರಿ, ಗೆಳೆಯರನ್ನು ಕೂಡಿಸಿಕೊಳ್ಳಿ. ಮೊದಲ ಹಾಡನ್ನು ಲಂಬಾಣಿ ನುಡಿಯಾದ ಗೋರ್‌ಬೋಲಿಯಲ್ಲಾಗಲಿ ನಿಮ್ಮ ಮನೆಯ ಕನ್ನಡದಲ್ಲಾಗಲಿ ನೀವೇ ಬರೆಯಿರಿ. ಹೆಸರು ಆಮೇಲೆ ಇಡಬಹುದು. ನಗಾರಿ ಬಾರಿಸುವ ಹಿರಿಯರನ್ನು ವೇದಿಕೆಯ ಅಲಂಕಾರಕ್ಕೆ ಕರೆಯಬೇಡಿ, ತಾಲೀಮಿನ ಮೊದಲ ದಿನಕ್ಕೇ ಕರೆಯಿರಿ.